ಎಂಟು ನಿಮಿಷದಲ್ಲಿ ಮೂರು ತುಂಡಿನ ಹಡಗು

ನಮ್ಮ ಭಾವ ಆಕಾಶಕ್ಕೆ ಹೋಗಿ ಬಂದವರು. ನಂಬದಿದ್ದರೆ ಬಿಡಿ. ಒಂದು ಸಲವಲ್ಲ, ನಾಲ್ಕು ತಿಂಗಳ ಕಾಲ, ಭಾನುವಾರ ಬಿಟ್ಟು ದಿನಾ ಹೋದರು. ಮಧ್ಯಾಹ್ನ ಮೂರು ಗಂಟೆ ಹದಿನೇಳು ನಿಮಿಷಕ್ಕೆ ಸಾಗರದ ಬಸ್ ಸ್ಟ್ಯಾಂಡಿನಿಂದ ಹೊರಟು ಮೂರು ಇಪ್ಪತ್ತೈದಕ್ಕೆ ವಾಪಸು ಬಂದು ಸ್ಟೇರಿಂಗ್ ಹಿಡಿಯುತ್ತಿದ್ದರು. ಅಮೆರಿಕದವರಾಗಲಿ ರಷ್ಯಾದವರಾಗಲಿ ಇಷ್ಟು ಚುರುಕಾಗಿ ಹೋಗಿ ಬಂದದ್ದನ್ನು ನಾನು ಕೇಳಿಲ್ಲ. ಅವರು ಮೇಲಿರುವಷ್ಟು ಹೊತ್ತೂ ಭೂಮಿಯ ಮೇಲೆ ವಾಚು ನೋಡುತ್ತಾ ನಿಂತಿರುತ್ತಿದ್ದವನು ನಾನು.

ಭಾವ ಅಂದರೆ ನನ್ನ ಅಕ್ಕನ ಗಂಡ. ತೀರ್ಥಹಳ್ಳಿಯಿಂದ ಕೋಣಂದೂರು, ಹೊಸನಗರದ ಮೇಲೆ ಸಾಗರಕ್ಕೆ ಹೋಗಿ ಬರುವ ಪ್ರೈವೇಟ್ ಬಸ್ಸಿನ ಡ್ರೈವರ್. ಅದೇ ಬಸ್ಸಿನ ಕಂಡಕ್ಟರ್ ನಾನು. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಬಸ್ಸು ತೊಳೆಯಲು ಸೇರಿದವನು. ಹಾಗೆಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಓದಿದವರು ತಡವಾಗಿ ಬರುತ್ತಾರೆ, ನಾನು ಬರುವುದಿಲ್ಲ, ಅಷ್ಟೇ ವ್ಯತ್ಯಾಸ. ನನ್ನ ಸೀಟಿ ಕೇಳಿ ದಾರಿಯ ಮೇಲಿನ ಮನೆಗಳಲ್ಲಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ಉತ್ಪ್ರೇಕ್ಷೆ ಅನ್ನಬೇಡಿ, ಒಬ್ಬರಾದರೂ ಮಾಡಿಕೊಂಡಿದ್ದಾರೆ, ಅವರೇ ನನಗೆ ಹೇಳಿದ್ದು.

ಭಾವನಿಗೆ ಒಂದು ಕಾಯಿಲೆ ಇತ್ತು. ಯಾವುದನ್ನೂ ಇದ್ದ ಹಾಗೆ ಬಿಡಲಾರರು. ಅದಕ್ಕೆ ಇನ್ನೊಂದು ಏನಾದರೂ ಜೋಡಿಸಲೇಬೇಕು. ಅಕ್ಕನನ್ನು ನೋಡಲು ಮೇಳಿಗೆ ಊರ ಕಡೆಯಿಂದ ನಮ್ಮ ಕೋಣಂದೂರಿಗೆ ಬಂದ ದಿನ ಸೈಕಲ್ಲಿನಲ್ಲಿ ಬರುತ್ತೇನೆಂದು ಹೇಳಿ ಕಳಿಸಿದ್ದರು. ನಾವೆಲ್ಲ ದಾರಿ ಕಾಯುತ್ತಿದ್ದರೆ ಮನುಷ್ಯ ಸೈಕಲ್ಲನ್ನು ತಳ್ಳಿಕೊಂಡು ಬೆವರು ಸುರಿಸುತ್ತಾ ಬಂದರು. ಪಂಕ್ಚರ್ ಆಯಿತೇ ಎಂದು ಅಪ್ಪ ಕೇಳಿದರು. ಇಲ್ಲ. ಎರಡು ಡೈನಮೋ, ನಾಲ್ಕು ಕನ್ನಡಿ, ಹಿಂದೆ ಮುಂದೆ ಕ್ಯಾರಿಯರ್, ಒಂದು ಜೀಪಿನ ಹಾರ್ನು, ಅದಕ್ಕೊಂದು ಬ್ಯಾಟರಿ, ಇಷ್ಟು ಹಾಕಿದ ಮೇಲೆ ಅದು ಹತ್ತುವ ಸೈಕಲ್ಲಾಗಿ ಉಳಿದಿರಲಿಲ್ಲ. ‘ಹತ್ತೋದಕ್ಕೆ ಆಗಲ್ಲ, ಆದ್ರೆ ಗಾಡಿ ನೋಡಿ ಹ್ಯಾಗಿದೆ’ ಎಂದರು. ಅಕ್ಕ ಬಾಗಿಲ ಸಂದಿಯಿಂದ ನೋಡಿ ನಕ್ಕಳು. ಆ ನಗುವನ್ನು ಅಪ್ಪ ಒಪ್ಪಿಗೆ ಎಂದು ತಿಳಿದರು. ಸೈಕಲ್ಲು ನೋಡಿ ನಕ್ಕದ್ದೋ ಮನುಷ್ಯನನ್ನು ನೋಡಿ ನಕ್ಕದ್ದೋ ಇವತ್ತಿಗೂ ತೀರ್ಮಾನವಾಗಿಲ್ಲ.

ಬಸ್ಸಿಗೂ ಅದೇ ಗತಿ. ತಮ್ಮ ಸೀಟಿನ ಮೇಲೆ ಒಂದು ಪುಟ್ಟ ಫ್ಯಾನು ಹಾಕಿಸಿದರು. ಅದು ತಿರುಗಿದರೆ ಹೆಡ್‌ಲೈಟು ಮಂಕಾಗುತ್ತಿತ್ತು. ಹೆಡ್‌ಲೈಟು ಹೊತ್ತಿದರೆ ಫ್ಯಾನು ತಿರುಗಲೋ ಬೇಡವೋ ಎಂದು ಯೋಚಿಸುತ್ತಿತ್ತು. ‘ಒಂದನ್ನ ತೆಗೀರಿ ಭಾವ’ ಎಂದರೆ ‘ಇನ್ನೊಂದು ಬ್ಯಾಟರಿ ಹಾಕಣ ಮಾರಾಯ’ ಎನ್ನುತ್ತಿದ್ದರು. ತೆಗೆಯುವುದೆನ್ನುವ ಮಾತೇ ಅವರ ಬಾಯಲ್ಲಿ ಇರಲಿಲ್ಲ.

ಇಂಥವರ ಕೈಗೆ ಆ ಪೆಟ್ಟಿಗೆ ಸಿಕ್ಕಿತು.

ಸಾಗರದ ಬಸ್ ಸ್ಟ್ಯಾಂಡಿನ ಎದುರಿಗೆ ಪಾಂಡಣ್ಣ ಎಂಬವರದ್ದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಸುತ್ತ ಗೋಡೆಯ ಮೇಲೆ ದೇವರುಗಳು, ಮದುವೆಯ ಜೋಡಿಗಳು, ಹಾರ ಹಾಕಿಸಿಕೊಂಡ ಅಜ್ಜಂದಿರು. ಎಂಬತ್ತರ ದಶಕ ಅರ್ಧ ಕಳೆದ ಹೊತ್ತು. ಯಾರೋ ನೆಂಟರು ನಾಲ್ಕು ತಿಂಗಳ ಮಟ್ಟಿಗೆ ಇಟ್ಟುಕೊಳ್ಳಿ ಎಂದು ಒಂದು ವೀಡಿಯೋ ಗೇಮಿನ ಪೆಟ್ಟಿಗೆ ತಂದು ಆ ಅಂಗಡಿಯ ನಡುವೆ ನಿಲ್ಲಿಸಿ ಹೋದರು. ಆಳೆತ್ತರದ ಪೆಟ್ಟಿಗೆ. ನಾಣ್ಯ ಹಾಕಿದರೆ ಮುಂದಿನ ಗಾಜಿನೊಳಗೆ ನಕ್ಷತ್ರ ಮಿನುಗುತ್ತಿದ್ದವು.

ಆಟ ಇಷ್ಟು. ಮೇಲಿನಿಂದ ಬಣ್ಣಬಣ್ಣದ ಹುಳಗಳು ಇಳಿಯುತ್ತವೆ. ಕೆಳಗೆ ನಿಮ್ಮದೊಂದು ಹಡಗು, ನೀರಿನದ್ದಲ್ಲ, ಆಕಾಶದ್ದು. ಓಡಿಸಲು ಒಂದು ಕೋಲು, ಗುಂಡು ಹಾರಿಸಲು ಒಂದು ಗುಂಡಿ. ಒಂದು ಹಿಂಡು ಹುಳ ಮುಗಿಸಿದರೆ ಹಡಗಿನ ಇನ್ನೊಂದು ತುಂಡು ಕೆಳಗೆ ಬಂದು ನಿಲ್ಲುತ್ತದೆ, ನಿಮ್ಮದು ಮೇಲಕ್ಕೆ ಹೋಗಿ ಅಲ್ಲಿಂದ ತೇಲುತ್ತಾ ಇಳಿಯುತ್ತದೆ. ಕೋಲನ್ನು ಅಷ್ಟಷ್ಟೇ ಆಡಿಸಿ ಅದರ ಮೇಲೆ ನೆಟ್ಟಗೆ ಕೂರಿಸಬೇಕು. ಕೂತರೆ ಒಂದು ಕೋವಿಯ ಹಡಗು ಮೂರು ಕೋವಿಯದ್ದಾಗುತ್ತದೆ. ಮೂರನೆಯ ತುಂಡೂ ಕೂತರೆ ಐದು ಕೋವಿ. ಕೂದಲೆಳೆಯಷ್ಟು ಆಚೀಚೆಯಾದರೆ ಎರಡೂ ಸುಟ್ಟು ಬೂದಿ, ಆಟ ಖಲಾಸ್. ಜೋಡಿಸಲೇಬೇಕೆಂದು ಬಲವಂತವಿಲ್ಲ. ಪಕ್ಕಕ್ಕೆ ಸರಿದು, ಇದ್ದ ಒಂದು ತುಂಡಿನಲ್ಲೇ ಹುಳ ಹೊಡೆಯುತ್ತಾ ಇರಬಹುದು. ಬುದ್ಧಿ ಇದ್ದವರೆಲ್ಲ ಹಾಗೇ ಮಾಡುತ್ತಿದ್ದರು.

ಭಾವ ಹಾಗೆ ಮಾಡುವವರೇ?

ನಮ್ಮ ಬಸ್ಸು ಸಾಗರಕ್ಕೆ ಬರುವುದು ಮೂರು ಹನ್ನೆರಡಕ್ಕೆ, ಬಿಡುವುದು ಮೂರು ಇಪ್ಪತ್ತಾರಕ್ಕೆ. ಜನ ಇಳಿದು ಡ್ರೈವರು ಬಿಡುವಾಗುವಷ್ಟರಲ್ಲಿ ಐದು ನಿಮಿಷ ಹೋಗುತ್ತದೆ. ವಾಪಸು ಬಂದು ಬಸ್ಸು ಹತ್ತುವುದಕ್ಕೆ ಒಂದು ನಿಮಿಷ. ಉಳಿಯುವುದು ಎಂಟು. ಈ ಎಂಟು ನಿಮಿಷದಲ್ಲಿ ಮೊದಲ ಹಿಂಡು ಮುಗಿಸಿ, ಎರಡನೆಯ ತುಂಡು ಕೂರಿಸಿ, ಎರಡನೆಯ ಹಿಂಡು ಮುಗಿಸಿ, ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಒಂದೋ ಹಡಗು ಸುಡುತ್ತಿತ್ತು, ಇಲ್ಲವೇ ನಾನು ಸೀಟಿ ಊದುತ್ತಿದ್ದೆ. ಸೀಟಿ ಕೇಳಿದರೆ ಸಾಕು, ಹಡಗು ಎಲ್ಲಿದ್ದರೆ ಅಲ್ಲೇ ಬಿಟ್ಟು ಬರುತ್ತಿದ್ದರು. ಅದೊಂದು ವಿಷಯದಲ್ಲಿ ಅವರನ್ನು ಮೆಚ್ಚಬೇಕು. ಸೀಟಿ ಮೀರಿದ ಡ್ರೈವರಲ್ಲ.

ಮೂರನೆಯ ತುಂಡು ಇಡೀ ಸಾಗರದಲ್ಲಿ ಯಾರಿಗೂ ಕೂತಿರಲಿಲ್ಲ. ದಿನವಿಡೀ ಆಡುವ ಟೆಂಪೋ ಡ್ರೈವರುಗಳಿಗೇ ಆಗಿರಲಿಲ್ಲ.

‘ಭಾವ, ಎಂಟು ನಿಮಿಷಕ್ಕೆ ಹೋಗೋರಿಗೆ ಹಡಗು ಕಟ್ಟೋ ಕೆಲಸ ಯಾಕೆ? ಇರೋ ತುಂಡಲ್ಲಿ ನಾಲ್ಕು ಹುಳ ಹೊಡೆದು ಬನ್ನಿ’ ಎಂದು ನಾನು ಬಸ್ಸು ಬಿಟ್ಟ ಮೇಲೆ ದಿನಾ ಹೇಳುತ್ತಿದ್ದೆ.

ಮುಂದಿನ ಬಾಗಿಲ ಪಕ್ಕದ ಸೀಟಿನಲ್ಲಿ ಹೊಸನಗರಕ್ಕೆ ಹೋಗುವ ಒಬ್ಬ ಮೇಷ್ಟ್ರು ಕೂರುತ್ತಿದ್ದರು. ನಮ್ಮ ಜಗಳಕ್ಕೆ ಅವರೇ ಜಡ್ಜು. ಅವರು ಕನ್ನಡಕ ಸರಿಮಾಡಿಕೊಂಡು, ‘ಕಂಡಕ್ಟರು ಹೇಳೋದು ನ್ಯಾಯ. ಉಣ್ಣೋದಕ್ಕೆ ಎಂಟು ನಿಮಿಷ ಇದ್ದವನು ಕಣಕ ಕಲಸಿ ಹೋಳಿಗೆ ತಟ್ಟೋಕೆ ಕೂರಬಾರದು’ ಎಂದರು.

ಭಾವ ಗೇರ್ ಬದಲಿಸಿದರು. ಏರು ಮುಗಿದ ಮೇಲೆ, ‘ಮೇಷ್ಟ್ರೇ, ಎಂಟೇ ನಿಮಿಷ ಇರೋನಿಗೇ ದೊಡ್ಡ ಗಾಡಿ ಬೇಕು. ದಿನವಿಡೀ ಇರೋನು ನಡ್ಕೊಂಡು ಹೋಗ್ಲಿ ಬಿಡಿ’ ಎಂದರು.

ಮೇಷ್ಟ್ರು ‘ಅದೂ ಸರಿ’ ಎಂದರು. ನಾನು ಬಿಡಲಿಲ್ಲ. ‘ಗಾಡಿ ಕಟ್ಟಿ ಮುಗಿಯೋ ಹೊತ್ತಿಗೆ ಟೈಮೇ ಮುಗ್ದಿರುತ್ತಲ್ಲ ಭಾವ, ಹತ್ತೋದು ಯಾವಾಗ?’ ಎಂದೆ.

‘ನೀನು ಕ್ಲೀನರಾಗಿ ಬಂದವ. ಕೆಲಸ ಮುಗ್ಸಿ ಬಂದು ಚಿಮಣಿ ದೀಪದ ಮುಂದೆ ಕೂತು ಕಂಡಕ್ಟರ್ ಬ್ಯಾಡ್ಜಿಗೆ ಓದ್ದೆಯಲ್ಲ, ಯಾಕೆ? ಬಾಲ್ದಿ ಹಿಡ್ಕೊಂಡು ಒಂದೇ ತುಂಡಲ್ಲಿ ಇರಬಹುದಿತ್ತು.’

ಯಾರೋ ಕೈ ಮಾಡಿದರು ಎಂದು ಸೀಟಿ ಊದಿದೆ. ಬಸ್ಸು ನಿಂತಿತು. ರಸ್ತೆಯಲ್ಲಿ ಒಂದು ಎಮ್ಮೆ ಬಿಟ್ಟರೆ ಯಾರೂ ಇರಲಿಲ್ಲ. ಅಷ್ಟೂ ಜನ ನಕ್ಕರು.

ಇಷ್ಟೇ ಆಗಿದ್ದರೆ ನಗುವ ಮಾತೇ. ಆದರೆ ಪ್ರೈವೇಟ್ ಬಸ್ಸಿನ ಟೈಮಿಂಗ್ಸ್ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಹಿಂದೆ ಒಂಬತ್ತು ನಿಮಿಷಕ್ಕೆ ಇನ್ನೊಬ್ಬರ ಬಸ್ಸು. ನಾವು ಒಂದು ನಿಮಿಷ ತಡ ಮಾಡಿದರೂ ಅವರ ಜನವನ್ನು ನಾವು ತುಂಬಿಕೊಂಡೆವು ಎಂದು ಜಗಳ. ಅವರ ಏಜೆಂಟು ವಾಚು ಹಿಡಿದು ನಮ್ಮ ಬಸ್ಸಿನ ಮುಂದೆ ನಿಂತಿರುತ್ತಿದ್ದ. ಬಡಕಲು ಮನುಷ್ಯ, ಕಣ್ಣು ಮಾತ್ರ ವಾಚಿನ ಮೇಲೆ ಅಂಟಿಸಿದ ಹಾಗೆ. ನಾವು ಎರಡು ಸಲ ತಡ ಮಾಡಿದೆವು. ಒಂದು ಸಲ ಪೆಟ್ಟಿಗೆಯ ಮುಂದೆ ಜನ ಮುತ್ತಿಕೊಂಡು ನನ್ನ ಸೀಟಿ ಭಾವನಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಭಾವ ಬ್ರೇಕ್ ಹಾಕಲು ಹೋಗಿ ಪೆಟ್ಟಿಗೆಯ ಕೆಳಗಿನ ಹಲಗೆ ಒದ್ದು, ಕಾಲು ಒಳಗೆ ಸಿಕ್ಕಿಕೊಂಡಿತು. ಹೌದು, ಆಕಾಶದಲ್ಲಿ ಬ್ರೇಕ್. ಇಪ್ಪತ್ತು ವರ್ಷ ಓಡಿಸಿದ ಕಾಲು, ಎದುರಿಗೆ ಏನಾದರೂ ಬಂದರೆ ಸುಮ್ಮನಿರುತ್ತದೆಯೇ? ಪಾಂಡಣ್ಣ ಮೊಳೆ ಕೀಳುವ ಇಕ್ಕಳ ತಂದು ಭಾವನನ್ನು ಬಿಡಿಸಿದರು.

ಎರಡನೆಯ ಸಲ ಮಾತು ಓನರ್ ಕಿವಿಗೆ ಹೋಯಿತು. ತೀರ್ಥಹಳ್ಳಿಯಲ್ಲಿ ಬಸ್ಸು ನಿಲ್ಲಿಸುತ್ತಲೇ ಅವರು ಬಂದರು. ಬಯ್ಯುವ ಜನವಲ್ಲ; ಬಯ್ದಿದ್ದರೆ ಚೆನ್ನಾಗಿತ್ತು.

‘ಇನ್ನೊಂದು ಸಲ ಸಾಗರದಲ್ಲಿ ಲೇಟಾದ್ರೆ ಸ್ಟೇರಿಂಗ್ ಬೇರೆಯವ್ರಿಗೆ ಕೊಡ್ತೀನಿ. ನೀವು ಸ್ಪೇರ್‌ನಲ್ಲಿರಿ’ ಎಂದು ಮೆತ್ತಗೆ ಹೇಳಿ ಹೋದರು.

ಸ್ಪೇರ್ ಡ್ರೈವರ್ ಎಂದರೆ ಯಾರಿಗಾದರೂ ಜ್ವರ ಬರಲಿ ಎಂದು ಕಾಯುತ್ತಾ ಶೆಡ್ಡಿನ ಬೆಂಚಿನ ಮೇಲೆ ಕೂರುವವನು. ಭಾವನಿಗೆ ಹೆಂಡತಿ, ಎರಡು ಹೆಣ್ಣುಮಕ್ಕಳು. ಆ ಬಸ್ಸನ್ನು ಹೊಸದಾಗಿ ಬಾಡಿ ಕಟ್ಟಿದ ದಿನದಿಂದ ಓಡಿಸಿದವರು ಅವರೊಬ್ಬರೇ. ಆದರೂ ಮಾರನೆಯ ದಿನ ಮೂರು ಹದಿನೇಳಕ್ಕೆ ಎದ್ದು ಪಾಂಡಣ್ಣನ ಅಂಗಡಿಗೆ ಹೋದರು.

‘ಭಾವ!’ ಎಂದೆ.

‘ನೀನು ಸೀಟಿ ಜೋರಾಗಿ ಊದು, ಅಷ್ಟೇ’ ಎಂದರು.

ಅಲ್ಲಿಂದ ಮುಂದೆ ಆ ಎಂಟು ನಿಮಿಷ ನನಗೆ ಎಂಟು ಗಂಟೆಯಾಯಿತು. ಲಗೇಜು ಇಳಿಸುವಾಗಲೂ ಒಂದು ಕಣ್ಣು ವಾಚಿನ ಮೇಲೆ, ಒಂದು ಕಣ್ಣು ಅಂಗಡಿಯ ಮೇಲೆ. ಮೂರು ಇಪ್ಪತ್ತನಾಲ್ಕಕ್ಕೇ ಹೋಗಿ ಅವರ ಬೆನ್ನ ಹಿಂದೆ ನಿಲ್ಲುತ್ತಿದ್ದೆ. ಹಾಗೆ ನಿಂತಾಗ ಭಾವ ಇನ್ನೊಂದು ಹೊಸ ತಲೆನೋವು ತೆಗೆದರು.

‘ಮಾರಾಯ, ಸುಮ್ನೆ ನಿಲ್ಲೋ ಬದ್ಲು ಸ್ವಲ್ಪ ಹೇಳು.’

‘ಎಂತ ಹೇಳೋದು?’

‘ರಿವರ್ಸ್ ತೆಗಿವಾಗ ಹೇಳ್ತೀಯಲ್ಲ, ಅದೇ.’

ಬಸ್ಸು ಹಿಂದಕ್ಕೆ ತೆಗೆಯುವಾಗ ಕಂಡಕ್ಟರು ಹಿಂದೆ ನಿಂತು, ಬಸ್ಸಿನ ಮೈಯನ್ನು ಅಂಗೈಯಲ್ಲಿ ತಟ್ಟುತ್ತಾ ‘ಬರ್ಲಿ, ಬರ್ಲಿ, ಬರ್ಲಿ’ ಎನ್ನುತ್ತಾನೆ. ಸಾಕಾದಾಗ ಜೋರಾಗಿ ಒಂದೇಟು ಹೊಡೆದು ‘ಹೋಲ್ಡಾನ್’ ಎನ್ನುತ್ತಾನೆ. ಡ್ರೈವರು ಹಿಂದೆ ತಿರುಗಿ ನೋಡುವುದಿಲ್ಲ. ಆ ತಟ್ಟುವ ಸದ್ದಿನ ಮೇಲೆಯೇ ನಲವತ್ತು ಜನ ಕೂತ ಬಸ್ಸನ್ನು ಚರಂಡಿಯ ಅಂಚಿಗೆ ತಂದು ನಿಲ್ಲಿಸುತ್ತಾನೆ. ಭಾವನ ಲೆಕ್ಕದಲ್ಲಿ ಆಕಾಶದ ಹಡಗನ್ನು ಕೂರಿಸುವುದೂ ಅದೇ ಕೆಲಸ. ಕಂಡಕ್ಟರಿಲ್ಲದೆ ಯಾವ ಗಾಡಿ ಸರಿಯಾಗಿ ಹಿಂದೆ ಹೋದದ್ದುಂಟು?

ನಾನು ಒಪ್ಪಲಿಲ್ಲ. ಹದಿನಾಲ್ಕು ವರ್ಷ ಸರ್ವೀಸಾದ ಕಂಡಕ್ಟರು ಫೋಟೋ ಅಂಗಡಿಯಲ್ಲಿ, ಹಾರ ಹಾಕಿಸಿಕೊಂಡ ಅಜ್ಜಂದಿರ ಎದುರಿಗೆ, ಪೆಟ್ಟಿಗೆ ತಟ್ಟಿಕೊಂಡು ‘ಬರ್ಲಿ ಬರ್ಲಿ’ ಅನ್ನುವುದೇ? ನನಗೊಂದು ಮರ್ಯಾದೆ ಬೇಡವೇ? ‘ಆಗಲ್ಲ’ ಎಂದೆ. ಅವರು ಮತ್ತೆ ಕೇಳಲಿಲ್ಲ. ಆದರೆ ಹಡಗು ಸುಟ್ಟಾಗಲೆಲ್ಲ ‘ಕಂಡಕ್ಟರ್ ಇಲ್ಲದ ಗಾಡಿ’ ಎಂದು ಪಾಂಡಣ್ಣನಿಗೆ ಕೇಳುವ ಹಾಗೆ ಹೇಳುತ್ತಿದ್ದರು.

ಒಂದು ಶುಕ್ರವಾರ ಪಾಂಡಣ್ಣ ನಮ್ಮ ಬಸ್ಸಿನ ಹತ್ತಿರವೇ ಬಂದರು. ‘ನಾಳೆ ಸಂಜೆ ನೆಂಟರು ಗಾಡಿ ತಗೊಂಡು ಬರ್ತಾರಂತೆ, ಪೆಟ್ಟಿಗೆ ಹೋಗುತ್ತೆ. ಡ್ರೈವರ‍್ರಿಗೆ ಹೇಳೋಣ ಅಂತ ಬಂದೆ’ ಎಂದರು. ಯಾರೋ ಹತ್ತಿರದವರು ಹೋಗಿಬಿಟ್ಟರು ಎಂದು ಹೇಳಲು ಬಂದವರ ಹಾಗೆ ಅವರ ಮುಖ. ಭಾವ ‘ಹೌದಾ’ ಎಂದು ಎದುರಿನ ಗಾಜು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

ಶನಿವಾರ ದಾರಿಯಲ್ಲಿ ಒಂದು ಮರದ ಲಾರಿ ಅಡ್ಡ ನಿಂತಿತ್ತು. ಭಾವ ಅಷ್ಟು ಓಡಿಸಿದರೂ ಸಾಗರ ಮುಟ್ಟಿದ್ದು ಮೂರು ಹದಿನೇಳಕ್ಕೆ. ಬಿಡುವುದು ಮಾತ್ರ ಅದೇ ಮೂರು ಇಪ್ಪತ್ತಾರು. ಅದರಲ್ಲಿ ರಿಯಾಯಿತಿ ಇಲ್ಲ. ಏಜೆಂಟು ಆಗಲೇ ವಾಚು ಹಿಡಿದು ನಿಂತಿದ್ದ. ‘ಇವತ್ತು ಬಿಟ್ಬಿಡಿ ಭಾವ’ ಎನ್ನಲು ನಾನು ತಿರುಗುವಷ್ಟರಲ್ಲಿ ಡ್ರೈವರ್ ಸೀಟು ಖಾಲಿ.

ನಾನು ಅವತ್ತು ಲಗೇಜು ಇಳಿಸಿದ ರೀತಿಯನ್ನು ಇವತ್ತಿಗೂ ಜನ ಆಡಿಕೊಳ್ಳುತ್ತಾರೆ. ಹಿನ್ನೀರಿನಾಚೆಯ ತುಮರಿಗೆ ಲಾಂಚು ಹಿಡಿಯಬೇಕಾದ ಒಬ್ಬ ಹೆಂಗಸಿನ ಟ್ರಂಕು, ಎರಡು ಬಾಳೆಗೊನೆ, ಒಂದು ಹೊಲಿಗೆ ಮಿಷನ್ನು, ಎಲ್ಲ ಟಾಪಿನಿಂದ ಒಂದರ ಹಿಂದೊಂದು ಹಾರಿದವು. ‘ಕಂಡಕ್ಟ್ರೇ, ಮಿಷನ್ ಮುಂದಿನ ಸಲ ನನ್ನ ತಲೆ ಮೇಲೇ ಹಾಕಿ, ನೆಲಕ್ಕಿಂತ ಅದೇ ಮೆತ್ತಗೆ’ ಎಂದ ಅದರ ಯಜಮಾನ. ಕೇಳಿಸಿಕೊಳ್ಳಲು ಪುರುಸೊತ್ತೆಲ್ಲಿ? ಓಡಿದೆ.

ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಟೆಂಪೋದವರು, ಹಮಾಲಿಗಳು, ಹೋಟೆಲಿನವರು, ಎಲ್ಲ ಸೇರಿದ್ದಾರೆ. ನುಗ್ಗಿ ಮುಂದೆ ಹೋದೆ. ಎರಡು ತುಂಡು ಕೂತಿದೆ. ಎರಡನೆಯ ಹಿಂಡಿನಲ್ಲಿ ಇನ್ನು ಐದಾರು ಹುಳ. ಮೂರು ಇಪ್ಪತ್ತನಾಲ್ಕೂವರೆ.

ಭಾವನ ಅಂಗಿ ಬೆನ್ನಿಗೆ ಅಂಟಿತ್ತು. ಕೊನೆಯ ಹುಳ ಸಿಡಿಯಿತು. ಗಾಜಿನ ಕೆಳಗಡೆ ಮೂರನೆಯ ತುಂಡು ಬಂದು ನಿಂತಿತು. ಮೇಲಿನಿಂದ ಹಡಗು ಇಳಿಯತೊಡಗಿತು. ಎಂಥ ನಿಧಾನ ಅಂತೀರಿ. ಹೊರಗಿನಿಂದ ಏಜೆಂಟು, ‘ಕಂಡಕ್ಟ್ರೇ, ಒಂದೇ ನಿಮಿಷ’ ಎಂದು ಕೂಗಿದ. ಅವನ ದನಿಯಲ್ಲಿ ಖುಷಿಯಿತ್ತು.

ನನಗೆ ಅವತ್ತು ಏನಾಯಿತೋ. ಬಾಯಲ್ಲಿದ್ದ ಸೀಟಿ ಕೆಳಗೆ ಬಿಟ್ಟೆ. ಅಂಗೈಯೆತ್ತಿ ಪೆಟ್ಟಿಗೆಯ ಮೈ ತಟ್ಟಿದೆ.

‘ಬರ್ಲಿ.’

ಭಾವನ ಹೆಗಲು ಒಂದು ಸಲ ಅಲ್ಲಾಡಿತು. ತಿರುಗಲಿಲ್ಲ.

‘ಬರ್ಲಿ, ಬರ್ಲಿ. ಲೆಫ್ಟ್ ಸ್ವಲ್ಪ. ಸಾಕು. ಬರ್ಲಿ.’

ಹಡಗು ಬರುತ್ತಿತ್ತು. ನನ್ನ ಕೈಯ ಕೆಳಗೆ ಆ ಪೆಟ್ಟಿಗೆ ನಮ್ಮ ಬಸ್ಸಿನ ಹಾಗೆಯೇ ಗುಂಯ್ ಎನ್ನುತ್ತಿತ್ತು.

‘ಟೈಮೆಷ್ಟು?’ ಎಂದರು ಭಾವ.

ವಾಚು ನೋಡಿದೆ. ಮೂರು ಇಪ್ಪತ್ತೈದು ದಾಟಿ ಮುಳ್ಳು ಅರ್ಧ ಸುತ್ತು ಹಾಕಿತ್ತು. ಈಗ ಓಡಿದರೆ ಬಸ್ಸು ಹೊರಡುತ್ತದೆ. ಹಡಗು ಕೂರುವವರೆಗೆ ನಿಂತರೆ ಸ್ಟೇರಿಂಗ್ ಹೋಗುತ್ತದೆ. ಹದಿನಾಲ್ಕು ವರ್ಷದಲ್ಲಿ ಟೈಮಿನ ವಿಷಯಕ್ಕೆ ಒಂದು ಸುಳ್ಳು ಹೇಳಿದವನಲ್ಲ ನಾನು.

‘ಇನ್ನೂ ಎರಡು ನಿಮಿಷ ಇದೆ ಭಾವ’ ಎಂದೆ.

‘ಸುಳ್ಳು ಹೇಳ್ಬೇಡ ಮಾರಾಯ. ನಿಂಗೆ ಬರೋದಿಲ್ಲ.’

ಅಷ್ಟು ಹೇಳಿ ಕೋಲು ಬಿಟ್ಟರು. ಹಡಗು ಇನ್ನೂ ಇಳಿಯುತ್ತಿರುವಾಗಲೇ, ಒಂದು ಗೇಣು ಉಳಿದಿರುವಾಗಲೇ ಬಿಟ್ಟರು. ಜನರನ್ನು ಸರಿಸಿಕೊಂಡು ಓಡಿದರು. ಸೀಟಿಯಿಲ್ಲದೆ ಅವರು ಹಡಗು ಬಿಟ್ಟು ಓಡಿದ್ದು ಅದೇ ಮೊದಲು.

ನಾನು ಯಾಕೆ ಹಿಂದೆ ಉಳಿದೆ? ಗೊತ್ತಿಲ್ಲ. ‘ಹಿಡೀರಿ ಕಂಡಕ್ಟ್ರೇ, ಹಿಡೀರಿ’ ಎಂದು ಯಾರೋ ನನ್ನ ಕೈ ತಂದು ಕೋಲಿನ ಮೇಲಿಟ್ಟರು. ಅದುವರೆಗೆ ಆ ಪೆಟ್ಟಿಗೆಯ ಕೋಲು ಮುಟ್ಟದವನು ನಾನು. ಕೋಲು ಭಾವನ ಬೆವರಿಗೆ ಜಾರುತ್ತಿತ್ತು. ಕೂದಲೆಳೆ ಬಲಕ್ಕೆ ಬೇಕಿತ್ತು. ನಾನು ಬಲಕ್ಕೆ ಆಡಿಸಿದೆ. ಕೂದಲೆಳೆಯಷ್ಟು ಆಡಿಸಲು ಬರಲಿಲ್ಲ, ಹಗ್ಗದಷ್ಟು ಆಡಿಸಿದೆ. ಗಾಜೆಲ್ಲ ಕೆಂಪಾಯಿತು. ಅಂಗಡಿಯಲ್ಲಿದ್ದವರೆಲ್ಲ ಒಟ್ಟಿಗೆ ‘ಛೆ’ ಎಂದರು.

ಹೊರಗೆ ಹಾರ್ನಾಯಿತು. ಬಸ್ಸು ಆಗಲೇ ಉರುಳತೊಡಗಿತ್ತು. ಓಡಿ ಹೋಗಿ ಹಿಂದಿನ ಬಾಗಿಲಿನ ಕಂಬಿ ಹಿಡಿದು ಹಾರಿದೆ. ಏಜೆಂಟು ವಾಚಿನಿಂದ ಕಣ್ಣೆತ್ತಿ ಬಸ್ಸನ್ನು ನೋಡಿದ, ಬಸ್ಸಿನಿಂದ ವಾಚನ್ನು ನೋಡಿದ. ಮೂರು ಇಪ್ಪತ್ತಾರು. ಅವನಿಗೆ ಬರೆದುಕೊಳ್ಳಲು ಏನೂ ಸಿಗಲಿಲ್ಲ.

ಬಸ್ಸು ಊರು ದಾಟಿತು. ನಾನು ಟಿಕೆಟ್ ಹರಿಯುತ್ತಾ ಮುಂದೆ ಹೋದೆ. ಮೇಷ್ಟ್ರು ನನ್ನ ಮುಖ ನೋಡಿದರು.

‘ಎಂತ ಆಯ್ತು?’ ಎಂದರು ಭಾವ, ರಸ್ತೆಯ ಮೇಲಿಂದ ಕಣ್ಣು ತೆಗೆಯದೆ.

‘ಕೂತ್ತು’ ಎಂದೆ.

ಒಂದು ತಿರುವು ಕಳೆಯಿತು. ‘ಯಾರು ಕೂರ್ಸಿದ್ದು?’

‘ನಾನೇ.’

ಇನ್ನೊಂದು ತಿರುವು. ‘ಕೂತಾಗ ಹ್ಯಾಂಗೆ ಶಬ್ದ ಬಂತು?’

ದೇವರೇ, ಅದು ನನಗೇನು ಗೊತ್ತು! ಊರಲ್ಲಿ ಯಾರಿಗೂ ಗೊತ್ತಿಲ್ಲದ್ದು. ಬಸ್ಸಿನ ಮುಂಭಾಗವೆಲ್ಲ ಕಿವಿಯಾಗಿತ್ತು. ನಾನು ಗಂಟಲು ಸರಿಮಾಡಿಕೊಂಡು, ಐದನೇ ಕ್ಲಾಸಿಗೆ ಬಿಟ್ಟ ಶಾಲೆಯ ಗಂಟೆ ನೆನೆದು, ‘ಠಣ್ಣ್‌’ ಎಂದೆ. ಇಷ್ಟು ಉದ್ದ ಎಳೆದೆ. ಮೇಷ್ಟ್ರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು.

ಭಾವ ತಲೆ ಆಡಿಸಿದರು. ‘ಹಂಗೇ ಬರ್ಬೇಕು’ ಎಂದರು.

ಅವತ್ತು ಶನಿವಾರ, ಅಕ್ಕನ ಮನೆಯಲ್ಲಿ ಊಟ. ಕಡುಬು, ಮೀನಿನ ಸಾರು. ಮೀನಿನ ತಲೆ ಯಾವತ್ತೂ ಭಾವನ ತಟ್ಟೆಗೇ. ನಾವು ಯಾರೂ ಅದರ ಮೇಲೆ ಕಣ್ಣು ಹಾಕುತ್ತಿರಲಿಲ್ಲ. ಅಕ್ಕ ಸೌಟಿನಲ್ಲಿ ಅದನ್ನೆತ್ತಿ ಅವರ ಕಡೆ ಬಗ್ಗಿದಳು. ಭಾವ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದರು.

‘ಇವತ್ತು ಅವನಿಗೆ ಹಾಕು.’

‘ಅದೆಂತ ಇವತ್ತು ವಿಶೇಷ?’

‘ಸಾಗರದಲ್ಲಿ ಯಾರ ಕೈಲೂ ಆಗದ್ದು, ನಿನ್ನ ತಮ್ಮ ಕೂರ್ಸಿ ಬಂದ.’

ಎಂತ ಕೂರಿಸಿದ, ಎಲ್ಲಿ ಕೂರಿಸಿದ, ಅಕ್ಕನಿಗೆ ತಲೆಬುಡ ತಿಳಿಯಲಿಲ್ಲ. ತಮ್ಮ ಏನೋ ದೊಡ್ಡದು ಮಾಡಿದ ಎಂಬುದಷ್ಟೇ ತಿಳಿದು ಅವಳ ಮುಖ ಅರಳಿತು. ಹೆಣ್ಣುಮಕ್ಕಳಿಬ್ಬರೂ ತಿನ್ನುವುದು ಬಿಟ್ಟು ನನ್ನನ್ನೇ ನೋಡಿದರು. ಮೀನಿನ ತಲೆ ನನ್ನ ತಟ್ಟೆಗೆ ಬಿತ್ತು. ನಾನು ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. ಭಾವನ ಕಡೆ ನೋಡಿದೆ. ಅವರು ಬಗ್ಗಿ ಕಡುಬು ಮುರಿಯುತ್ತಿದ್ದರು. ನನ್ನ ಕಡೆ ನೋಡುವುದೇ ಇಲ್ಲ ಎಂದು ಗಟ್ಟಿ ಮಾಡಿಕೊಂಡು ಕೂತ ಹಾಗಿತ್ತು.

ಬಾಯಿ ಮುಚ್ಚಿ ಗಬಗಬ ತಿನ್ನತೊಡಗಿದೆ. ಮುಳ್ಳು ಗಂಟಲಿಗೆ ಹೋಗಿ ಕೆಮ್ಮು ಬಂತು. ಭಾವ ನೀರಿನ ಲೋಟ ನನ್ನ ಕಡೆ ಸರಿಸಿದರು.

‘ನಿಧಾನ ತಿನ್ನು ಮಾರಾಯ’ ಎಂದರು. ‘ಇಲ್ಲಿ ಟೈಮಿಂಗ್ಸ್ ಇಲ್ಲ.’